ಬಳ್ಳಿಯ ಬುಡ

"ಈ ಕುಂಬಳಕಾಯಿ ಅವನು ಬೆಳೆದದ್ದಲ್ಲ," ಎಂದ ಟೈಲರ್. ಮೊದಲ ಬಹುಮಾನದ ಚೀಟಿ ಅಂಟಿಸಲು ಹೊರಟಿದ್ದ ಅಧ್ಯಕ್ಷರ ಕೈ ಅಲ್ಲೇ ನಿಂತಿತು.

ಅವನು ಎಂದರೆ ಟೈಲರನ ಒಡಹುಟ್ಟಿದ ತಮ್ಮ, ಪಕ್ಕದ ಮನೆಯ ಸೈಕಲ್ ರಿಪೇರಿಯವನು. ಹುಟ್ಟಿದಾಗಿನಿಂದ ಒಂದು ಗಿಡಕ್ಕೆ ಚೊಂಬು ನೀರು ಹಾಕಿದವನಲ್ಲ. ಅಂಥವನು ಇಬ್ಬರು ಹೊರುವಂಥ ಕಾಯಿಯನ್ನು ಕೃಷಿ ಮೇಳಕ್ಕೆ ತಂದರೆ ನಂಬುವುದು ಹೇಗೆ? ಎಲ್ಲೋ ಕೊಂಡಿರಬೇಕು, ಇಲ್ಲವೇ ಯಾರದೋ ತೋಟದಿಂದ ಎತ್ತಿರಬೇಕು. ಕೃಷಿ ಸಂಘದ ಕಾರ್ಯದರ್ಶಿಯಾಗಿ ಟೈಲರ್ ಬಿಟ್ಟಿ ದುಡಿದು ಜೀವ ತೇಯ್ದವನು. ಪದಾಧಿಕಾರಿಗಳ ಮನೆಯವರು ಸ್ಪರ್ಧೆಗೆ ಇಳಿಯಕೂಡದು ಎಂಬ ನಿಯಮ ತಂದವನೂ ಅವನೇ. ತಮ್ಮನದು ಬೇರೆ ಒಲೆ, ಆ ನಿಯಮ ಅವನಿಗೆ ತಾಗುತ್ತಿರಲಿಲ್ಲ. ಹಾಗೆಂದು ಕಣ್ಣು ಮುಚ್ಚಿ ಕೂತರೆ ನಾಳೆ ಜನ ಆಡಿಕೊಳ್ಳುವುದಿಲ್ಲವೇ?

ಇಂಥ ತಕರಾರಿಗೆ ಸಂಘದಲ್ಲಿ ಒಂದೇ ಪದ್ಧತಿ. ಕಾಯಿಯ ತೊಟ್ಟನ್ನು ಕತ್ತರಿಸಿ ಒಯ್ದು ಸ್ಪರ್ಧಿಯ ಮನೆಯ ಬಳ್ಳಿಗೆ ಹೊಂದಿಸಿ ನೋಡುವುದು. ಕೂಡದಿದ್ದರೆ ಸ್ಪರ್ಧಿಗೆ ಮುಂದೆಂದೂ ಮೇಳದಲ್ಲಿ ಜಾಗವಿಲ್ಲ. ಕೂಡಿದರೆ ತಕರಾರು ಎತ್ತಿದವನು ಹುದ್ದೆ ಬಿಡಬೇಕು.

"ಅಣ್ಣ, ಒಂದು ಬಹುಮಾನಕ್ಕೆ ಇಷ್ಟೆಲ್ಲ ಯಾಕೆ? ಕಾಯಿ ನಾನೇ ವಾಪಸ್ ತಗೋತೀನಿ," ಎಂದು ತಮ್ಮ ದಾರಿಯುದ್ದಕ್ಕೂ ಗೋಗರೆದ.

"ನೋಡಿದ್ರಾ ಡಾಕ್ಟ್ರೇ, ಹೆಂಗೆ ಬೆವರ್ತಿದಾನೆ!" ಎಂದ ಟೈಲರ್. ಅಧ್ಯಕ್ಷರು ದನದ ಡಾಕ್ಟರು. ಕತ್ತರಿಸಿದ ತೊಟ್ಟನ್ನು ಹಿಡಿದು ಇಬ್ಬರ ನಡುವೆ ನಡೆದರು.

ತಮ್ಮನ ಹಿತ್ತಿಲಲ್ಲಿ ಗೋಡೆಯಿಂದ ಇಳಿಬಿದ್ದ ಬಳ್ಳಿಯೊಂದಿತ್ತು. ಡಾಕ್ಟರು ಬಗ್ಗಿ ತೊಟ್ಟನ್ನು ಅದರಲ್ಲಿ ಕಾಯಿ ಕೊಯ್ದ ಗಾಯಕ್ಕೆ ಇಟ್ಟರು. ಕೂದಲೆಳೆಯಷ್ಟೂ ಸಂದಿಲ್ಲದೆ ಕೂಡಿತು.

"ಮುಗೀತಲ್ರೀ. ಕಾಯಿ ಇಲ್ಲೇ ಬಿಟ್ಟಿದ್ದು," ಎಂದರು.

ಟೈಲರನ ಮುಖ ಇಂಗು ತಿಂದ ಮಂಗನಂತಾಯಿತು. ಆದರೆ ಗೆದ್ದವನ ಮುಖದಲ್ಲೂ ಕಳೆಯಿರಲಿಲ್ಲ. ತಮ್ಮ ಗೋಡೆಗೆ ಬೆನ್ನು ಕೊಟ್ಟು, ಏನನ್ನೋ ಮುಚ್ಚುವವನಂತೆ ನಿಂತೇ ಇದ್ದ.

"ಬುಡ ಎಲ್ಲೋ?" ಎಂದ ಟೈಲರ್.

"ಬುಡ ಯಾಕಣ್ಣ ಈಗ? ಕೈ ಮುಗೀತೀನಿ, ಇಷ್ಟಕ್ಕೆ ಬಿಡು."

ಅಷ್ಟು ಸಾಕಾಯಿತು. ಟೈಲರ್ ಡಾಕ್ಟರ ಕೈಯಿಂದ ತೊಟ್ಟನ್ನು ಕಿತ್ತುಕೊಂಡು, ತಮ್ಮನನ್ನು ಪಕ್ಕಕ್ಕೆ ತಳ್ಳಿ ಗೋಡೆ ಹತ್ತಿ ಆಚೆ ಧುಮುಕಿದ. ಆಚೆ ಇದ್ದದ್ದು ಅವನದೇ ಹಿತ್ತಿಲು. ಕಳ್ಳ, ನನ್ನ ಮನೆಗೇ ಕನ್ನ ಹಾಕಿದ್ದಾನೆ ಎಂದು ಹಲ್ಲು ಕಡಿಯುತ್ತ ಬಳ್ಳಿಯ ಜಾಡು ಹಿಡಿದು ನಡೆದ. ಅದು ಬಚ್ಚಲಿನ ಹಿಂದೆ, ಬೂದಿ ಹಾಕಿ ಒಪ್ಪವಾಗಿ ಕಟ್ಟಿದ ಪಾತಿಯೊಂದರಲ್ಲಿ ಕೊನೆಗೊಂಡಿತ್ತು. ಪಾತಿಯ ಪಕ್ಕ ಅವನ ಹೆಂಡತಿ ಬಕೆಟ್ ಹಿಡಿದು ನಿಂತಿದ್ದಳು.

ಗಂಡನ ಕೈಯಲ್ಲಿದ್ದ ತೊಟ್ಟನ್ನು ಕಂಡದ್ದೇ ಅವಳಿಗೆ ಎಲ್ಲ ತಿಳಿಯಿತು. "ಅವನನ್ನ ಬೈಬೇಡಿ. ಕಾಯಿ ನಿನ್ನ ಹೆಸರಲ್ಲಿ ಇಡು ಅಂತ ನಾನೇ ಅವನನ್ನ ಕಾಡಿದ್ದು. ನಿಮ್ಮನೆಯವಳಾಗಿ ನನ್ನ ಹೆಸರಲ್ಲಿ ಇಡೋ ಹಾಗಿಲ್ವಲ್ಲ."

ಟೈಲರ್ ಪಾತಿಯತ್ತ ಬಗ್ಗಿ ನೋಡಿದ. ಊರವರ ಬೆಳೆಯನ್ನೆಲ್ಲ ಹೊಗಳುತ್ತ ತಿರುಗಿದವನು ತನ್ನ ಹಿತ್ತಿಲಿಗೆ ತಲೆ ಹಾಕಿರಲಿಲ್ಲ. ನಾಚಿಕೆಯಿಂದ ಮೈ ಹಿಡಿಯಾಯಿತು.

"ಬುಡ ಸಿಕ್ತೇನ್ರೀ?" ಗೋಡೆಯಾಚೆಯಿಂದ ಡಾಕ್ಟರು ಕೂಗಿದರು.

ಸಿಕ್ಕಿತು ಎಂದರೆ ಇವಳ ಬಹುಮಾನ ಹೋಗುತ್ತದೆ. ಇಲ್ಲ ಎಂದರೆ ತಕರಾರು ಸುಳ್ಳಾಗಿ ತನ್ನ ಹುದ್ದೆ. ಅವನು ಹೆಂಡತಿಯ ಮುಖ ನೋಡಿದ. ಅವಳು ಬಕೆಟ್ ಕೆಳಗಿಟ್ಟು, ಒದ್ದೆ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದಳು.

"ಅದಿರ್ಲಿ," ಎಂದಳು ಮೆಲ್ಲಗೆ, "ಎಷ್ಟನೇ ಬಹುಮಾನ ಬಂತು?"

ಟೈಲರ್ ತೊಟ್ಟನ್ನು ಮುಷ್ಟಿಯೊಳಗೆ ಬಿಗಿಹಿಡಿದು ನಿಂತ. ಗೋಡೆಯಾಚೆ ಡಾಕ್ಟರು ಮತ್ತೊಮ್ಮೆ ಕೂಗಿದರು.