ಬೇರೆ ಕೈಯ ಹೊಲಿಗೆ

ಒದ್ದೆ ಬಟ್ಟೆಯ ಮೇಲೆ ಕೆಂಡದ ಇಸ್ತ್ರಿಪೆಟ್ಟಿಗೆ ಇಟ್ಟ ಕೂಡಲೇ ಏಳುತ್ತಿದ್ದ ಬಿಸಿ ವಾಸನೆ, ಚಿಕ್ಕವಳಿದ್ದಾಗ ಅಪ್ಪನ ಹೊಲಿಗೆ ಅಂಗಡಿಯಲ್ಲಿ ಮೂಗಿಗೆ ಹತ್ತಿದ್ದು, ಟೈಲರಮ್ಮನಿಗೆ ಇವತ್ತಿಗೂ ಹಾಗೇ ನೆನಪಿತ್ತು. ಬೆಳಿಗ್ಗೆ ತಿಂಡಿ ತಿಂದಿದ್ದೆನೋ ಇಲ್ಲವೋ ಎಂಬುದು ಮಾತ್ರ ನೆನಪಿರಲಿಲ್ಲ. ಮರೆವಿನ ಕಾಯಿಲೆ ಎಂದು ಡಾಕ್ಟರು ಹೇಳಿದ ಮೇಲೆ ಗಂಡ ಅವಳನ್ನು ಇಸ್ತ್ರಿಯ ಹತ್ತಿರ ಬಿಡುತ್ತಿರಲಿಲ್ಲ. ಅವನು ಸ್ನಾನಕ್ಕೆ ಹೋದದ್ದೇ ತಡ, ಅವನ ಶರ್ಟನ್ನು ಮೇಜಿನ ಮೇಲೆ ಹರಡಿ ಅಂಗೈಯಿಂದಲೇ ಸುಕ್ಕು ಬಿಡಿಸತೊಡಗಿದಳು. ಒಂದು ಗುಂಡಿಯ ಮೇಲೆ ಬೆರಳು ನಿಂತಿತು.

ಅದು ಅವಳ ಹೊಲಿಗೆಯಲ್ಲ. ಮದುವೆಯಾದಾಗಿನಿಂದ ಗಂಡನ ಒಂದು ಗುಂಡಿಗೂ ಇನ್ನೊಬ್ಬರ ಕೈ ತಗುಲಲು ಅವಳು ಬಿಟ್ಟವಳಲ್ಲ. ಅವಳ ದಾರ ಎರಡು ಗೆರೆಯಾಗಿ ಸಮಕ್ಕೆ ಹೋಗುತ್ತಿತ್ತು. ಇದು ಅಡ್ಡಡ್ಡ ಹಾಯ್ದು, ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ ಬಿಗಿದು ಕೂತಿತ್ತು. ಇನ್ಯಾರು, ಆ ನರ್ಸಮ್ಮನೇ.

ಗುರುವಾರ ಬಂತೆಂದರೆ ಗಂಡ ಲೈಬ್ರರಿಯ ಮಹಡಿಗೆ ಹೋಗುತ್ತಿದ್ದ. ಮರೆವಿನ ಕಾಯಿಲೆಯವರೂ ಅವರ ಮನೆಯವರೂ ಸೇರಿ ಕಷ್ಟಸುಖ ಹೇಳಿಕೊಳ್ಳುವ ಜಾಗ ಅದು. ಅವಳನ್ನೂ ಕರೆದಿದ್ದ. ನಾನೇನು ಪ್ರದರ್ಶನದ ಬೊಂಬೆಯೇ ಎಂದು ಅವಳು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು. ಹೋಗುವಾಗ ಜೋಲು ಮುಖ, ಬರುವಾಗ ಸಿಳ್ಳೆ. ಬಂದವನ ಬಾಯಲ್ಲಿ ಅಲ್ಲಿಗೆ ಬರುವ ನರ್ಸಮ್ಮ ಹೀಗಂದರು, ನರ್ಸಮ್ಮ ಹಾಗಂದರು. ಏನೇನೋ ಜಾರಿಹೋಗುತ್ತಿದ್ದ ತಲೆಯಲ್ಲಿ ಆ ಹೆಸರೊಂದು ಮೊಳೆ ಹೊಡೆದಂತೆ ನಿಂತಿತ್ತು. ನಾನಿನ್ನೂ ಇರುವಾಗಲೇ ನನ್ನ ಜಾಗಕ್ಕೆ ಜನ ನೋಡಿಟ್ಟಿದ್ದಾನೆ ಎಂದುಕೊಂಡಳು. ಅಂದೂ ಗುರುವಾರ; ಗಂಡ ಸ್ನಾನ ಮುಗಿಸಿ ಬರುವುದನ್ನೇ ಕಾದಳು.

“ಇವತ್ತು ನಾನೂ ಬರ್ತೀನಿ,” ಎಂದಳು.

ಅವನ ಮುಖ ಅರಳಿದ್ದೂ ಅವಳಿಗೆ ನಾಟಕದಂತೆ ಕಂಡಿತು.

ಮಹಡಿಯ ಕೋಣೆಯಲ್ಲಿ ಉದ್ದನೆಯ ಮೇಜು. ಮನೆಯ ರೋಗಿ ಕೈಬಿಟ್ಟ ಕೆಲಸವನ್ನು ಉಳಿದವರು ಅಲ್ಲಿ ಕಲಿಯುತ್ತಿದ್ದರು. ಒಬ್ಬ ಬಡಗಿ, ಹೆಂಡತಿಯ ಜಡೆ ಹಾಕಲು, ಹುರಿದಾರದ ಮೇಲೆ ಕೈ ಪಳಗಿಸುತ್ತಿದ್ದ. ಗಂಡ ತನ್ನ ಜಾಗದಲ್ಲಿ ಕೂತು ಚಿಂದಿ ಬಟ್ಟೆ, ಸೂಜಿ ತೆಗೆದ. ನಾಲಿಗೆ ಕಚ್ಚಿಕೊಂಡು ಗುಂಡಿಗೆ ಅಡ್ಡಡ್ಡ ದಾರ ಹಾಯಿಸಿದ.

“ಶರ್ಟಿನ ಗುಂಡೀನೂ ನೀವೇನಾ ಹೊಲಿದಿದ್ದು?”

“ಮತ್ಯಾರು? ಆವತ್ತು ಸೂಜಿಗೆ ದಾರ ಪೋಣಿಸೋಕಾಗದೆ ಅತ್ತೆಯಲ್ಲ. ಮತ್ತೆ ನಿನ್ನ ಕೈಗೆ ಸೂಜಿ ಕೊಡೋಕೆ ಮನಸ್ಸು ಬರಲಿಲ್ಲ ಕಣೇ.”

ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಈಗ ಅವನ ಕೈಯಲ್ಲಿದ್ದ ಆ ಸೂಜಿಯ ಮೇಲೇ ಅವಳಿಗೆ ಹೊಟ್ಟೆಕಿಚ್ಚು.

ಪಕ್ಕದಲ್ಲಿದ್ದ ನರೆಗೂದಲಿನ ಹೆಂಗಸು ಕುರ್ಚಿ ಸರಿಸಿ ಜಾಗ ಮಾಡಿದಳು. “ಬನ್ನಿ ಟೈಲರಮ್ಮ. ನಾನು ನರ್ಸು, ನನಗೆ ಬರೋದು ಗಾಯಕ್ಕೆ ಹಾಕೋ ಹೊಲಿಗೆ. ನಾನು ಕಲಿಸಿದ ಗುಂಡಿ ನಿಲ್ತಾನೇ ಇಲ್ಲ.”

“ಹೀಗೆ ಕುತ್ತಿಗೆ ಬಿಗಿದ್ರೆ ಯಾವ ಗುಂಡಿ ನಿಲ್ಲುತ್ತೆ?” ಎಂದು ಟೈಲರಮ್ಮ ಬೆಂಕಿಕಡ್ಡಿ ಕೇಳಿದಳು. ಗಂಡ ದಾರ ಪೋಣಿಸಿಕೊಟ್ಟ. ಗುಂಡಿಯ ಮೇಲೆ ಕಡ್ಡಿ ಇಟ್ಟು ಅದರ ಮೇಲಿಂದ ದಾರ ಹಾಯಿಸಿದಳು. ನಡುವೆ ಕೈ ನಿಂತುಹೋಯಿತು, ಮುಂದೇನೆಂದು ತಿಳಿಯಲಿಲ್ಲ. ಯಾರೂ ಅವಸರ ಮಾಡಲಿಲ್ಲ. ಬಡಗಿ ತನ್ನ ಹುರಿದಾರದ ಕಡೆ ನೋಡಿಕೊಂಡ. ಸ್ವಲ್ಪ ಹೊತ್ತಿಗೆ ಬೆರಳುಗಳೇ ಕಡ್ಡಿಯನ್ನು ಎಳೆದುಬಿಟ್ಟವು. ದಾರ ಬೇಕಾದಷ್ಟೇ ಸಡಿಲವಾಗಿ ಉಳಿಯಿತು. ನರ್ಸಮ್ಮ ಬಗ್ಗಿ ನೋಡಿ, ಇಷ್ಟು ದಿನ ಎಲ್ಲಿದ್ದಿರಿ ಎಂದಳು. ಟೈಲರಮ್ಮ ಮುಖ ಬಿಗಿದುಕೊಂಡೇ ಇದ್ದಳು.

ಊಟದ ಹೊತ್ತಿಗೆ ನರ್ಸಮ್ಮ ಕಿಟಕಿಯ ಬಳಿ ಕೂತಿದ್ದ ತನ್ನ ಗಂಡನಿಗೆ ಚಮಚದಲ್ಲಿ ತಿನ್ನಿಸುತ್ತಿದ್ದಳು. ಆತ ಬಹಳ ಮರ್ಯಾದೆಯಿಂದ, “ನಿಮಗ್ಯಾಕಮ್ಮ ತೊಂದರೆ? ನನ್ನ ಹೆಂಡತಿ ಬಂದುಬಿಡ್ತಾಳೆ,” ಎಂದ.

“ಬರ್ತಾಳೆ. ಅಲ್ಲೀತನಕ ಇದೊಂದು ತುತ್ತು.”

ಟೈಲರಮ್ಮನ ಗಂಡ ನರ್ಸಮ್ಮನಿಗೆಂದು ಒಂದು ತಟ್ಟೆಗೆ ಬಡಿಸಿಕೊಂಡು ಅತ್ತ ಹೊರಟಿದ್ದ. ಟೈಲರಮ್ಮ ಅಡ್ಡ ನಿಂತು, “ತನ್ನಿ ಇಲ್ಲಿ,” ಎಂದು ಅದನ್ನು ಕಸಿದುಕೊಂಡಳು. ಕಿಟಕಿಯ ಬಳಿ ಹೋಗಿ, ನರ್ಸಮ್ಮನ ಕೈಯಿಂದ ಚಮಚವನ್ನು ಮೆಲ್ಲಗೆ ಬಿಡಿಸಿಕೊಂಡು, ಆ ಕೈಯಲ್ಲಿ ಬಿಸಿ ಊಟದ ತಟ್ಟೆಯನ್ನು ಇಟ್ಟಳು.