ಒಂಬತ್ತನೆಯ ವಚನ

ವರ್ಷಕ್ಕೊಮ್ಮೆ ಹೆಂಗಸರೇ ಉಪದೇಶ ಮಾಡುವ ಮಹಿಳಾ ಭಾನುವಾರದಂದು ಒಝೆಲ್ಲಾ ಟ್ರಿಬೆಟ್ ಎದ್ದು ನಿಂತಾಗ ಚರ್ಚಿನ ಬಾಗಿಲು ತೆರೆಯಿತು. ಇಬ್ಬರು ಬಿಳಿಯರು ಒಳಗೆ ಬಂದು ಕಡೆಯ ಬೆಂಚಿನಲ್ಲಿ ಕೂತರು. ಒಬ್ಬ ಷರೀಫನ ಕೈಕೆಳಗಿನ ಪೊಲೀಸಿನವನು, ಸೊಂಟದಲ್ಲಿ ಪಿಸ್ತೂಲು. ಇನ್ನೊಬ್ಬ ಶಾಲೆಗಳ ಮೇಲಧಿಕಾರಿ ಪ್ರೂಯೆಟ್. ವರ್ಷವರ್ಷವೂ ಒಝೆಲ್ಲಾಳ ನೌಕರಿಯ ಕಾಗದಕ್ಕೆ ರುಜು ಹಾಕುವವನು ಅವನೇ. ಸಭೆಯಲ್ಲಿ ಆಡುತ್ತಿದ್ದ ಬೀಸಣಿಗೆಗಳೆಲ್ಲ ಒಮ್ಮೆಗೇ ನಿಂತವು.

ಅದು ೧೯೬೧ರ ಮಿಸಿಸಿಪ್ಪಿ, ಕರಿಯರು ಮತ ಹಾಕದಂತೆ ಬಿಳಿಯರು ತಡೆದಿದ್ದ ಅಮೆರಿಕದ ರಾಜ್ಯ. ಹಿಂದಿನ ತಿಂಗಳಷ್ಟೇ, ಮತದಾರರ ಪಟ್ಟಿಗೆ ಹೆಸರು ಬರೆಸಲು ಹೋದ ಕರಿಯ ಬಡಗಿಯೊಬ್ಬನ ಮನೆಗೆ ಗುಂಡು ಹಾರಿಸಿದ್ದರು. ಒಝೆಲ್ಲಾ ಕರಿಯ ಮಕ್ಕಳ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಪಾಠ ಹೇಳಿದವಳು. ಬೈಬಲ್ಲಿನ ಹೆಂಗಸರ ಬಗ್ಗೆ ಅವಳು ನೋಟ್‌ಬುಕ್ಕುಗಳಲ್ಲಿ ಬರೆದದ್ದನ್ನು ಸುತ್ತಲಿನ ಚರ್ಚುಗಳ ಹೆಂಗಸರು ನಕಲು ಮಾಡಿಕೊಂಡು ಓದುತ್ತಿದ್ದರು. ಈ ದಿನ ಅವಳು ಏನು ಹೇಳಲಿದ್ದಾಳೆಂದು ಯಾರೋ ಪ್ರೂಯೆಟ್‌ನ ಕಿವಿಗೆ ಹಾಕಿದ್ದರು. ಯಾರಿರಬಹುದು? ಅವಳ ಕಣ್ಣು ಬೆಂಚಿನಿಂದ ಬೆಂಚಿಗೆ ಅಲೆಯಿತು. ಎಲ್ಲವೂ ಅವಳು ಬಲ್ಲ ಮುಖಗಳೇ. ಅದರಿಂದ ಇನ್ನಷ್ಟು ಭಯವಾಯಿತು.

ಪಾದ್ರಿ ಮ್ಯಾಪ್ಸನ್ ಪಕ್ಕಕ್ಕೆ ಬಾಗಿ ಪಿಸುಗುಟ್ಟಿದರು. "ಟೀಚರಮ್ಮಾ, ಬರೀ ಬೈಬಲ್ ಹೇಳಿ ಕೂತ್ಕೊಂಡ್ಬಿಡಿ. ನಿಮ್ಮ ದಮ್ಮಯ್ಯ."

"ಬೈಬಲ್ಲೇ ಹೇಳ್ತೀನಿ ಪಾದ್ರಿಗಳೇ. ಭಯ ಆಗ್ತಿರೋದೂ ಅದಕ್ಕೇ."

ಅವಳು ಪೀಠದ ಮೇಲೆ ಬೈಬಲ್ ಬಿಚ್ಚಿಟ್ಟಳು. ಹಾಗರಳ ಕಥೆ ಎತ್ತಿಕೊಂಡಳು. ಹಾಗರಳು ಅಬ್ರಹಾಮನ ಮನೆಯ ದಾಸಿ. ಯಜಮಾನಿಯ ಕಾಟ ತಾಳಲಾರದೆ ಬಸುರಿ ಹೆಂಗಸು ಮರುಭೂಮಿಗೆ ಓಡಿದಳು.

"ಅವಳನ್ನ ಹುಡುಕ್ಕೊಂಡು ಹೋಗಿದ್ದು ಯಜಮಾನ ಅಲ್ಲ, ದೇವರು," ಎಂದಳು ಒಝೆಲ್ಲಾ. "ಎಲ್ಲಿಂದ ಬಂದೆ, ಎಲ್ಲಿಗೆ ಹೋಗ್ತೀಯಾ ಅಂತ ಕೇಳಿದ. ಅಲ್ಲೀವರೆಗೂ ಯಾರಾದ್ರೂ ಅವಳನ್ನ ಕೇಳಿದ್ರಾ? ದೇವರಿಗೆ ಹೆಸರಿಟ್ಟೋಳು ಅವಳು. ನನ್ನನ್ನ ನೋಡೋ ದೇವರು ಅಂದಳು."

"ಹೌದಮ್ಮಾ, ನೋಡ್ತಾನೆ!" ಎಂದಳು ಮುಂದಿನ ಸಾಲಿನ ಮುದುಕಿ ವಾಷ್ಟಿ. ಅವಳದೊಂದೇ ದನಿ.

ಹಿಂದಿನಿಂದ ಪ್ರೂಯೆಟ್ ಗಂಟಲು ಸರಿಮಾಡಿಕೊಂಡ. "ಮಧ್ಯದ್ದು ಯಾಕೆ ಹಾರಿಸ್ದೆ, ಒಝೆಲ್ಲಾ? ಒಂಬತ್ತನೇ ವಚನಾನೂ ಓದು. ನಾನೂ ಬೈಬಲ್ ಕ್ಲಾಸ್ ತಗೊಳ್ಳೋನೇ."

ಇಪ್ಪತ್ತು ವರ್ಷ ಒಝೆಲ್ಲಾಳನ್ನು ಕಾಡಿದ್ದೇ ಆ ವಚನ. ಎಷ್ಟೋ ಸಲ ಅದರ ಮುಂದೆ ಕೂತು ದೇವರ ಜೊತೆ ಜಗಳವಾಡಿದ್ದಳು. ಓದದಿದ್ದರೆ ಸುಳ್ಳುಗಾತಿಯಾಗುತ್ತಾಳೆ. ಓದಿದರೆ ಅವನು ಗೆದ್ದ ಹಾಗೆ.

"ಓದ್ತೀನಿ ಸಾರ್," ಎಂದಳು. ಪುಸ್ತಕವನ್ನು ಪೀಠಕ್ಕೆ ಒತ್ತಿ ಹಿಡಿದು ಓದಿದಳು. ಯಜಮಾನಿಯ ಬಳಿಗೆ ಹಿಂತಿರುಗಿ ಹೋಗು, ಅವಳಿಗೆ ತಗ್ಗಿ ನಡೆ ಎಂದು ದೇವರ ದೂತ ಹಾಗರಳಿಗೆ ಹೇಳಿದ ಮಾತು.

"ಕೇಳಿಸ್ತಾ ಎಲ್ರಿಗೂ?" ಪ್ರೂಯೆಟ್ ನಕ್ಕ. ಪಿಸ್ತೂಲಿನವನೂ ನಕ್ಕ.

ಒಝೆಲ್ಲಾ ಕೂರಬಹುದಿತ್ತು. ಕೂರಬೇಕೆಂದು ಮೈಯೆಲ್ಲ ಕೂಗುತ್ತಿತ್ತು. ಆದರೆ ಕೈ ಹಾಳೆ ಮಗುಚತೊಡಗಿತು. "ಹೋದಳು ಸಾರ್. ಹಾಗರಳು ವಾಪಸ್ ಹೋದಳು. ನಮ್ಮಜ್ಜಿನೂ ಹೋದಳು, ನಮ್ಮವ್ವನೂ ಹೋದಳು. ಆದರೆ ಕಥೆ ಅಲ್ಲಿಗೆ ಮುಗಿಯಲ್ಲ. ಇಪ್ಪತ್ತೊಂದನೇ ಅಧ್ಯಾಯದಲ್ಲಿ ಅವಳು ಮತ್ತೆ ಮರುಭೂಮೀಲಿ ಇದಾಳೆ, ಮಗನ್ನ ಕಟ್ಕೊಂಡು. ಈ ಸಲ ದೇವರು ತಿರುಗಿ ಹೋಗು ಅನ್ನಲಿಲ್ಲ. ಕಣ್ಣು ತೆರೆಸಿ ಬಾವಿ ತೋರಿಸಿದ." ಸಭೆಯ ಕಡೆ ತಿರುಗಿದಳು. "ನಾಳೆ ಒಂಬತ್ತು ಗಂಟೆಗೆ ನಾನು ಕೋರ್ಟ್‌ಹೌಸಿಗೆ ಹೋಗ್ತಿದೀನಿ, ವೋಟಿನ ಪಟ್ಟಿಗೆ ಹೆಸರು ಬರೆಸೋಕೆ. ಬರೋರು ಬನ್ನಿ. ನಂಗೆ ತುಂಬಾ ಭಯ ಆಗ್ತಿದೆ."

ಪ್ರೂಯೆಟ್ ಎದ್ದು ಟೋಪಿ ಹಾಕಿಕೊಂಡ. "ಈ ವರ್ಷದ ಕಾಗದಕ್ಕೆ ನನ್ನ ರುಜು ಇಲ್ಲ, ಒಝೆಲ್ಲಾ," ಎಂದು ಹೇಳಿ ಹೊರಟ. ಪಿಸ್ತೂಲಿನವನು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿಕೊಂಡು ಹೋದ.

ಸೋಮವಾರ ಕೋರ್ಟ್‌ಹೌಸಿನ ಮೆಟ್ಟಿಲ ಬಳಿ ಒಝೆಲ್ಲಾ ಒಬ್ಬಳೇ ನಿಂತಿದ್ದಳು. ಎದುರಿನ ಕಟ್ಟೆಯ ಮೇಲೆ ಬಿಳಿಯ ಗಂಡಸರು ಕೂತು ಸುಮ್ಮನೆ ನೋಡುತ್ತಿದ್ದರು. ಒಂಬತ್ತೂಕಾಲಿಗೆ ವಾಷ್ಟಿ ಕೋಲೂರಿಕೊಂಡು ಬಂದಳು. ಹಿಂದೆ ಇಬ್ಬರು ಸೊಸೆಯಂದಿರು.

"ತಡ ಆಯ್ತು ಮಗಳೇ. ಇವರಿಬ್ರೂ ಎರಡು ಸಲ ಅರ್ಧ ದಾರಿಯಿಂದ ವಾಪಸ್ ಹೋದ್ರು."

"ಮೂರು ಸಲ," ಎಂದಳು ಕಿರಿಯಳು. "ಮೂರನೇ ಸಲ ವಾಪಸ್ ತಿರುಗಿದ್ದು ನೀನೇ, ಅತ್ತೆಮ್ಮಾ."

ಒಝೆಲ್ಲಾಳಿಗೆ ನಗು ಬಂತು, ಜೊತೆಗೇ ಅಳು. ಹೆಸರು ಬರೆದುಕೊಳ್ಳುವ ಗುಮಾಸ್ತ ಅವರನ್ನು ಮಧ್ಯಾಹ್ನದವರೆಗೆ ನಿಲ್ಲಿಸಿ ಕಿಟಕಿ ಮುಚ್ಚಿದ. ಮರುದಿನವೂ ಹೋದರು, ಅದರ ಮರುದಿನವೂ. ಒಝೆಲ್ಲಾಳ ಕೆಲಸ ಹೋಯಿತು. ಕಲ್ಲು ಬಿದ್ದು ಮನೆಯ ಕಿಟಕಿ ಒಡೆದ ಮೇಲೆ ಅವಳು ಹಾಸಿಗೆಯನ್ನು ಹಿಂದಿನ ಕೋಣೆಗೆ ಎಳೆದುಕೊಂಡಳು.

ಪಟ್ಟಿಗೆ ಅವಳ ಹೆಸರು ಸೇರಲು ನಾಲ್ಕು ವರ್ಷ ಹಿಡಿಯಿತು. ಹೆಸರು ಸೇರಿದ ದಿನ ಅವಳು ಹಾಕಿದ ರುಜು ಓದಲಾಗದಷ್ಟು ಸೊಟ್ಟಗಿತ್ತು. ಮತ್ತೆ ಬರೆ ಎಂದು ಗುಮಾಸ್ತ ಹಾಳೆಯನ್ನು ಹಿಂದಕ್ಕೆ ತಳ್ಳಿದ. ಅವಳು ಹೆದರುತ್ತಲೇ ಇನ್ನೊಮ್ಮೆ ಬರೆದಳು.