ಕೊಕ್ಕರೆಗೊಂದು ಮಂಚ

ನಾನು ಮಂಚ ಮಾರುವವಳು. ಸೋಫಾ, ಬೀರು, ಊಟದ ಮೇಜು ಎಲ್ಲವನ್ನೂ ಮಾರುತ್ತೇನೆ, ಆದರೆ ನನ್ನ ಕೈಗುಣ ಇರುವುದು ಮಂಚದಲ್ಲಿ. ಬಂದವರು ಮಂಚದ ಹತ್ತಿರ ಏನು ಮಾಡುತ್ತಾರೆ ಎಂದು ನೋಡಿದರೆ ಸಾಕು, ಕೊಳ್ಳುವವರೋ ಹೊತ್ತು ಕಳೆಯುವವರೋ ಹೇಳಿಬಿಡುತ್ತೇನೆ. ಕೊಳ್ಳುವವರು ಮೊದಲು ಅಂಗೈಯಿಂದ ಹಾಸಿಗೆ ಒತ್ತಿ ನೋಡುತ್ತಾರೆ. ಹೊತ್ತು ಕಳೆಯುವವರು ಸೀದಾ ಕೂತೇಬಿಡುತ್ತಾರೆ.

ಈ ಎರಡು ಜಾತಿಗೂ ಸೇರದವರು ನಮ್ಮ ಮಾವ ಮತ್ತು ಅವರ ಪಟಾಲಂ. ಅವರು ಬರುವುದು ನಮ್ಮ ಅಂಗಡಿಗಲ್ಲ, ಅಂಗಡಿ ಆಗುವುದಕ್ಕೆ ಮುಂಚೆ ಇಲ್ಲಿ ಏನಿತ್ತೋ ಅಲ್ಲಿಗೆ.

ಇಲ್ಲಿ ಹಿಂದೆ ಬ್ಯಾಸ್ಕೆಟ್‌ಬಾಲ್ ಕ್ರೀಡಾಂಗಣವಿತ್ತು. ನಾನು ಈ ಊರಿಗೆ ಸೊಸೆಯಾಗಿ ಬರುವ ಹೊತ್ತಿಗೆ ಇಲ್ಲಿ ನಡೆಯುತ್ತಿದ್ದ ಲೀಗ್ ಪಂದ್ಯಾವಳಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ದುಡ್ಡು ಹಾಕುವವರು ಕೈ ಎತ್ತಿದರಂತೆ, ತಂಡಗಳು ಒಂದೊಂದಾಗಿ ಕರಗಿದವಂತೆ, ಆಟಗಾರರು ಅವರವರ ದಾರಿ ಹಿಡಿದರಂತೆ. ಆಮೇಲೆ ನಮ್ಮ ಮಾಲೀಕರು ಕಟ್ಟಡ ಕೊಂಡು, ಮೆಟ್ಟಿಲು ಮೆಟ್ಟಿಲಾಗಿದ್ದ ಗ್ಯಾಲರಿ ಕಿತ್ತುಹಾಕಿಸಿ, ಪೀಠೋಪಕರಣ ತುಂಬಿಸಿದರು. ನೆಲವನ್ನು ಮಾತ್ರ ಮುಟ್ಟಲಿಲ್ಲ. ಅಂಥ ಮರದ ನೆಲ ಈಗ ಹಾಕಿಸುವುದು ತಮಾಷೆಯ ಮಾತಲ್ಲ. ಆಟದ ಗೆರೆಗಳನ್ನು ಉಜ್ಜಿ ತೆಗೆದು ಪಾಲಿಶ್ ಹೊಡೆಸಿದರು, ಅಷ್ಟೆ.

ಆದರೆ ಗೆರೆಗಳು ಪೂರ್ತಿ ಹೋಗಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಎತ್ತರದ ಕಿಟಕಿಗಳಿಂದ ಬಿಸಿಲು ಓರೆಯಾಗಿ ಬಿದ್ದಾಗ ಅವು ಮೆಲ್ಲಗೆ ಮೇಲೆ ಬರುತ್ತವೆ. ಊಟದ ಮೇಜುಗಳ ಕೆಳಗೆ ಒಂದು ದೊಡ್ಡ ವೃತ್ತ, ಬೀರುಗಳ ಸಾಲಿನಿಂದ ಹೊರಟು ಮಂಚಗಳ ನಡುವೆ ಹಾದುಹೋಗುವ ಒಂದು ಬಾಗಿದ ಗೆರೆ. ಸ್ವಲ್ಪ ಹೊತ್ತು ಇದ್ದು, ಬಿಸಿಲಿನ ಜೊತೆಯಲ್ಲೇ ಹೋಗುತ್ತವೆ. ಮೊದಮೊದಲು ನಾನು ಒರೆಸುವ ಬಟ್ಟೆ ಹಿಡಿದು ಉಜ್ಜಿದ್ದೂ ಉಂಟು.

ಭಾನುವಾರ ನಾಲ್ಕು ಗಂಟೆಗೆ ಪಂದ್ಯ ಶುರುವಾಗುತ್ತಿತ್ತಂತೆ. ಆದ್ದರಿಂದ ಮಾವನವರು ಭಾನುವಾರ ನಾಲ್ಕಕ್ಕೆ ಬರುತ್ತಾರೆ, ಗ್ಯಾಲರಿಯಲ್ಲಿ ತಮ್ಮ ಜಾಗ ಎಲ್ಲಿತ್ತೋ ಅಲ್ಲಿರುವ ಸೋಫಾದ ಮೇಲೆ ಕೂರುತ್ತಾರೆ. ಅಲ್ಲಿ ಸೋಫಾ ಇಲ್ಲದಿದ್ದರೆ ಇರುವುದರ ಮೇಲೆ ಕೂರುತ್ತಾರೆ. ಒಮ್ಮೆ ಅಲ್ಲಿ ಕನ್ನಡಿ ಮೇಜು ಇಟ್ಟಿದ್ದೆವು. ಅದರ ಗೇಣುದ್ದದ ಪೀಠದ ಮೇಲೆ, ಕನ್ನಡಿಗೆ ಬೆನ್ನು ಹಾಕಿ, ಇಡೀ ಸಂಜೆ ಕೂತಿದ್ದರು. ಅವರ ಎಡಕ್ಕೆ ಹಲ್ಲಿನ ಡಾಕ್ಟರು, ಬಲಕ್ಕೆ ನಿವೃತ್ತ ಗಣಿತದ ಟೀಚರ್. ಹಿಂದೆ ಇನ್ನೂ ಕೆಲವರಿದ್ದರು, ಈಗ ಉಳಿದವರು ಇವರು ಮೂವರೇ.

"ನಿಮ್ಮ ಮಾವನೋರಿಗೆ ಸ್ವಲ್ಪ ಹೇಳಮ್ಮ, ಇದು ಅಂಗಡಿ, ಪಾರ್ಕ್ ಅಲ್ಲ," ಎಂದು ಮ್ಯಾನೇಜರ್ ಆಗಾಗ ಗೊಣಗುತ್ತಾರೆ.

"ನೀವೇ ಹೇಳಿ ಸರ್."

"ನಾನು ಹೇಳಿದ್ರೆ ಟಿಕೆಟ್ ಹರಿದು ಕೊಟ್ಟು ನನ್ನೇ ಇಳಿಸ್ಬಿಡ್ತಾರೆ."

ಮಾವ ಬಸ್ ಕಂಡಕ್ಟರ್ ಆಗಿದ್ದವರು. ಆ ಗಂಟಲು ಬಸ್ಸಿನ ಜೊತೆ ನಿವೃತ್ತಿಯಾಗಲಿಲ್ಲ. ಪಂದ್ಯದ ಕತೆ ಹೇಳುವವರು ಅವರೇ. ಗಿರಗಿಟ್ಲೆ ಎಂಬ ಆಟಗಾರ ಇದ್ದನಂತೆ, ಒಂದೇ ಕಾಲಿನ ಮೇಲೆ ತಿರುಗಿದರೆ ಎದುರಾಳಿಗೆ ತಲೆಸುತ್ತು ಬರುತ್ತಿತ್ತಂತೆ. ಅಂಟು ಎಂಬವನ ಕೈಗೆ ಚೆಂಡು ಸಿಕ್ಕರೆ ದೇವರು ಕೇಳಿದರೂ ಕೊಡುತ್ತಿರಲಿಲ್ಲವಂತೆ. ಡಾಕ್ಟರು ಆಟಗಾರರ ಹಲ್ಲುಗಳ ವಿವರ ಸೇರಿಸುತ್ತಾರೆ. ಟೀಚರ್ ಅಂಕ ತಪ್ಪಿದಲ್ಲಿ ತಿದ್ದುತ್ತಾರೆ, ಮಾವ ಮಕ್ಕಳ ಹಾಗೆ ತಿದ್ದಿಕೊಳ್ಳುತ್ತಾರೆ.

ಎಲ್ಲಿಂದ ಶುರುವಾದರೂ ಕತೆ ಕೊನೆಗೆ ಬರುವುದು ಕೊಕ್ಕರೆಯ ಹತ್ತಿರ. ಉದ್ದ ಕಾಲಿನವನು, ಮಾತು ಕಡಿಮೆ, ನಮ್ಮೂರ ತಂಡದ ಕಣ್ಮಣಿ. ಲೀಗಿನ ಕೊನೆಯ ಪಂದ್ಯದ ಕೊನೆಯ ಗಳಿಗೆ. ನಮ್ಮವರು ಒಂದೇ ಒಂದು ಪಾಯಿಂಟ್ ಹಿಂದೆ. ಚೆಂಡು ಕೊಕ್ಕರೆಯ ಕೈಯಲ್ಲಿ.

"ಕೈ ಎತ್ತಿದ. ಬಿಟ್ಟ. ಚೆಂಡು ಮೇಲೆ ಹೋಯ್ತು," ಎನ್ನುತ್ತಾರೆ ಮಾವ. ಅಲ್ಲಿಗೆ ನಿಲ್ಲಿಸುತ್ತಾರೆ. ಮೂವರೂ ಮೊಣಕಾಲು ತಟ್ಟಿಕೊಂಡು ಏಳುತ್ತಾರೆ.

"ಆಮೇಲೆ ಏನಾಯ್ತು ಮಾವ? ಬಿತ್ತಾ, ಇಲ್ವಾ?" ಎಂದು ಒಮ್ಮೆ ಕೇಳಿದ್ದೆ.

"ಆಮೇಲೇನಮ್ಮ, ಮನೆಗೆ ಬಂದ್ವಿ."

ನನಗೆ ಮೈ ಉರಿದುಹೋಗಿತ್ತು. ವಾರಾ ವಾರಾ ತಲೆ ತಿಂದು, ಕೊನೆಯಲ್ಲಿ ಕೈಗೆ ಚಿಪ್ಪು. ಮತ್ತೆ ಕೇಳಲಿಲ್ಲ, ಅದರ ಗೊಡವೆಯೇ ಬೇಡ ಎಂದು ನನ್ನ ಮಂಚಗಳ ಕಡೆ ಹೋಗಿಬಿಡುತ್ತಿದ್ದೆ.

ಆ ಭಾನುವಾರ ಊಟವಾದ ಮೇಲೆ, ಅಂಗಡಿ ತೂಕಡಿಸುವ ಹೊತ್ತಿಗೆ, ಒಬ್ಬ ಹಿರಿಯರು ಬಂದರು. ನಮ್ಮ ಬಾಗಿಲಲ್ಲಿ ಲಾರಿ ನುಗ್ಗಬಹುದು, ಅಂಥ ಬಾಗಿಲಲ್ಲೂ ತಲೆ ತಗ್ಗಿಸಿಯೇ ಒಳಗೆ ಬಂದರು. ಅಷ್ಟು ಎತ್ತರದ ಮನುಷ್ಯರನ್ನು ನಾನು ನೋಡಿರಲಿಲ್ಲ. ಮಂಚದ ಹತ್ತಿರ ಬಂದವರು ಹಾಸಿಗೆ ಒತ್ತಲೂ ಇಲ್ಲ, ಕೂರಲೂ ಇಲ್ಲ. ನೆಲ ನೋಡುತ್ತ ನಿಂತರು.

"ನನ್ನ ಅಳತೆಗೆ ಮಂಚ ಇದೆಯೇನಮ್ಮ? ಸರಿಯಾಗಿ ನಿದ್ದೆ ಮಾಡಿ ವರ್ಷಗಳಾದವು. ನಮ್ಮೂರಿನ ಡಾಕ್ಟರು ಮಂಚ ಬದಲಾಯಿಸಿ ನೋಡಿ ಅಂದ್ರು."

ಇದ್ದುದರಲ್ಲೇ ಉದ್ದದ ಮಂಚ ತೋರಿಸಿದೆ. ಬಾಗಿದ ಗೆರೆ ಹಾದುಹೋಗುವ ಕಡೆ, ಬೀರುಗಳ ಹಿಂದೆ ಇತ್ತು ಅದು. ಚಪ್ಪಲಿ ಬಿಟ್ಟು ಮಲಗಿದರು. ಎರಡು ಪಾದಗಳೂ ಅಂಚಿನಾಚೆ ಗಾಳಿಯಲ್ಲಿ ನಿಂತವು. ಇನ್ನೊಂದು ತೋರಿಸುತ್ತೇನೆ ಎಂದರೆ ಏಳಲಿಲ್ಲ. ತಾವಿರುವುದು ದೂರದ ಊರಿನಲ್ಲಿ, ಅಲ್ಲಿ ಕನ್ನಡಕದ ಅಂಗಡಿ ಇಟ್ಟಿರುವುದಾಗಿ ಹೇಳಿದರು.

"ಅಷ್ಟು ದೂರದಿಂದ ಮಂಚಕ್ಕೋಸ್ಕರ ಬಂದ್ರಾ?"

ಅವರು ಛಾವಣಿ ನೋಡುತ್ತಲೇ ಮಾತಾಡಿದರು. "ಈ ಮಂಚದ ಕಾಲು ಇದೆಯಲ್ಲ, ಅಲ್ಲೇ ನಿಂತಿದ್ದೆ ನಾನು. ಚೆಂಡು ಕೈ ಬಿಟ್ಟಾಗಲೇ ಗೊತ್ತಾಯ್ತು, ಒಂದು ಕೂದಲೆಳೆ ಜಾಸ್ತಿ ಆಯ್ತು ಅಂತ. ರಿಂಗಿಗೆ ಬಡಿದು ಆಚೆ ಹೋಯ್ತು. ಈಗಲೂ ಕಣ್ಣಿಗೆ ನಿದ್ದೆ ಹತ್ತಬೇಕು ಅನ್ನೋವಾಗ ಆ ಸದ್ದು ಕೇಳತ್ತೆ. ಠಣ್ ಅಂತ. ಎದ್ದು ಕೂರ್ತೀನಿ."

ಇವರೇ ಕೊಕ್ಕರೆ. ಅಷ್ಟು ವರ್ಷ ಮಾವ ಬಾಯಿ ಬಿಡದೆ ಇಟ್ಟಿದ್ದ ಕೊನೆ, ಹೀಗೆ ಹಾಸಿಗೆಯ ಮೇಲೆ ಮಲಗಿಕೊಂಡು ನನ್ನ ಕೈಗೆ ಸಿಕ್ಕಿತ್ತು.

"ಯಾರೂ ಬೈಲಿಲ್ಲ," ಎಂದರು. "ಬೈದಿದ್ರೆ ಚೆನ್ನಾಗಿತ್ತು. ಇಡೀ ಗ್ಯಾಲರಿ ತುಟಿಪಿಟಕ್ಕನ್ನದೆ ಎದ್ದು ಹೋಯ್ತು. ಹೋಗಲಿ, ಮುಂದಿನ ವರ್ಷ ಸರಿ ಮಾಡಿಕೊಳ್ಳೋಣ ಅಂದುಕೊಂಡೆ. ಮುಂದಿನ ವರ್ಷ ಲೀಗೇ ಇರಲಿಲ್ಲ. ತಪ್ಪಿದ್ದನ್ನ ಸರಿ ಮಾಡೋಕೆ ಆಟ ಅಂತ ಒಂದು ಇರಬೇಕಲ್ಲಮ್ಮ."

ನನ್ನ ಹತ್ತಿರ ಎಲ್ಲ ಬಗೆಯ ಹಾಸಿಗೆಯೂ ಇತ್ತು, ಇದಕ್ಕೆ ಮಾತ್ರ ಇರಲಿಲ್ಲ. ಗಡಿಯಾರ ನೋಡಿದೆ. ನಾಲ್ಕಾಗುತ್ತ ಬಂದಿತ್ತು. ಹೇಳದೆ ಇರುವುದು ಸರಿಯಲ್ಲ ಅನ್ನಿಸಿ, ಅಂದಿನ ಪ್ರೇಕ್ಷಕರಲ್ಲಿ ಮೂವರು ಇನ್ನೇನು ಬರುತ್ತಾರೆ, ಅದರಲ್ಲಿ ಒಬ್ಬರು ನನ್ನ ಮಾವ ಎಂದು ಹೇಳಿದೆ. ಅವರ ಮುಖದ ಬಣ್ಣ ಹೋಯಿತು.

"ಅವರ ಮುಂದೆ ನಿಂತು ತಪ್ಪಾಯ್ತು ಅನ್ನಬೇಕು," ಎಂದು ಎದ್ದು ಕೂತರು. ಅಷ್ಟರಲ್ಲಿ ಬಾಗಿಲ ಕಡೆಯಿಂದ ಮಾವನ ಗಂಟಲು ಕೇಳಿಸಿತು. ಬಂದ ಧೈರ್ಯ ಬಂದ ಹಾಗೇ ಹೋಯಿತೋ ಏನೋ, ಮತ್ತೆ ಮಲಗಿ ಕಣ್ಣು ಮುಚ್ಚಿಕೊಂಡರು. ನಾನು ಬೀರುಗಳ ಸಂದಿಯಲ್ಲಿ ನಿಂತೆ. ಅಲ್ಲಿಂದ ಈ ಕಡೆ ಮಂಚ ಕಾಣುತ್ತಿತ್ತು, ಆ ಕಡೆ ಸೋಫಾ.

ಅಂದು ಮೊದಲ ಸಲ ಆ ಕತೆಯನ್ನು ನಾನು ಕಿವಿಗೊಟ್ಟು ಕೇಳಿದೆ. ಬಿಸಿಲು ಓರೆಯಾಗಿ ಇಳಿಯುತ್ತಿತ್ತು, ಅದರಲ್ಲಿ ಧೂಳು ಮೆಲ್ಲಗೆ ತೇಲುತ್ತಿತ್ತು. ಮೇಜುಗಳ ಕೆಳಗಿನ ವೃತ್ತ ಮೇಲೆ ಬಂತು. ಮಾವ ಹೇಳುತ್ತ ಹೋದ ಹಾಗೆ ಮೇಜುಗಳು ಸರಿದು ದಾರಿ ಬಿಟ್ಟಂತೆ ಅನ್ನಿಸಿತು. ಗಿರಗಿಟ್ಲೆ ಆ ವೃತ್ತದಲ್ಲಿ ತಿರುಗಿದ, ಅಂಟು ಬುಕ್ ಶೆಲ್ಫಿನ ಪಕ್ಕ ಚೆಂಡು ಹಿಡಿದು ನಿಂತ. ಡಾಕ್ಟರು ಅಂದು ಹಲ್ಲುಗಳ ಸುದ್ದಿ ಎತ್ತಲಿಲ್ಲ. ಟೀಚರ್ ತಿದ್ದಲೂ ಇಲ್ಲ, ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು. ಛಾವಣಿಯಲ್ಲಿ ಪಾರಿವಾಳಗಳು ಗೊಣಗುತ್ತಿದ್ದವು, ಅದು ದೂರದ ಜನಜಂಗುಳಿಯ ಸದ್ದಿನ ಹಾಗಿತ್ತು. ನಾನು ಮಂಚ ಮಾರುವವಳು ಎಂಬುದು ನನಗೇ ಮರೆತುಹೋಗಿತ್ತು.

"ಅಂಟು ಚೆಂಡು ಕೊಟ್ಟ, ಕೊಕ್ಕರೆಗೆ ಮಾತ್ರ ಕೊಡ್ತಿದ್ದ ಅವನು," ಎಂದರು ಮಾವ. "ಕೊಕ್ಕರೆ ಗೆರೆ ಹತ್ತಿರ ನಿಂತ. ಮೊಣಕಾಲು ಸ್ವಲ್ಪ ಬಗ್ಗಿಸಿದ. ಆ ಕೈ ಇದೆಯಲ್ಲ ಡಾಕ್ಟ್ರೇ, ಅದು ಮೇಲೆ ಹೋಗೋದು ನೋಡಿದ್ರೆ ನಮ್ಮ ಕೈಯೇ ಮೇಲೆ ಹೋದ ಹಾಗೆ. ಕೈ ಎತ್ತಿದ. ಬಿಟ್ಟ. ಚೆಂಡು ಮೇಲೆ ಹೋಯ್ತು."

ಕೊನೆ ಗೊತ್ತಿದ್ದವಳು, ಇನ್ನೇನು ಠಣ್ ಅನ್ನುತ್ತದೆ ಎಂದು ಕಾದೆ. ಅನ್ನಲಿಲ್ಲ. ಮೂವರೂ ಮುಖ ಮೇಲೆತ್ತಿ ಕೂತಿದ್ದರು, ಬಿಸಿಲು ಅವರ ಕನ್ನಡಕಗಳ ಮೇಲಿತ್ತು. ಅವರು ಏನನ್ನೂ ಮರೆತಿಲ್ಲ ಎಂದು ಆಗ ಅರ್ಥವಾಯಿತು. ಚೆನ್ನಾಗಿ ಗೊತ್ತಿದ್ದೇ ಅಲ್ಲಿ ನಿಲ್ಲಿಸುತ್ತಿದ್ದರು. ಮಾವನ ಮೇಲೆ ಸಿಡುಕಿದ್ದೆಲ್ಲ ನೆನಪಾಗಿ ನನಗೆ ನಾಚಿಕೆಯಾಯಿತು.

ಆ ನಿಶ್ಶಬ್ದದಲ್ಲಿ ಬೀರುಗಳ ಹಿಂದಿನಿಂದ ಒಂದು ಗೊರಕೆ ಕೇಳಿಸಿತು. ತಿರುಗಿ ನೋಡಿದೆ. ಕೊಕ್ಕರೆ ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದರು.

"ಯಾರಮ್ಮ ಅದು?" ಎಂದು ಮಾವ ಎದ್ದು ಬಂದರು. ಹಿಂದೆಯೇ ಉಳಿದ ಇಬ್ಬರು. ಮುಖ ದಿಂಬಿನ ಕಡೆ ತಿರುಗಿತ್ತು, ಕಂಡದ್ದು ಅಂಚಿನಾಚೆ ಚಾಚಿದ ಆ ಪಾದಗಳು. ಮಾವ ಅಲ್ಲೇ ನಿಂತುಬಿಟ್ಟರು. ಟೀಚರ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಡಾಕ್ಟರು ಬಗ್ಗಿ, ತೆರೆದ ಬಾಯಿಯೊಳಗೆ ಇಣುಕಿ, "ಅವನೇ," ಎಂದು ಪಿಸುಗುಟ್ಟಿದರು.

"ನಿದ್ದೆ ಇಲ್ವಂತೆ ಮಾವ, ಆ ಪಂದ್ಯ ಆದಾಗಿನಿಂದ," ಎಂದೆ.

ಮಾವ ಸೋಫಾಗಳ ಕಡೆ ಹೋದರು. ಬರುವಾಗ ಕೈಯಲ್ಲಿ ಮೆತ್ತೆ ಹಾಕಿದ ಒಂದು ಸ್ಟೂಲು ಇತ್ತು, ಬೆಲೆ ಚೀಟಿ ಇನ್ನೂ ನೇತಾಡುತ್ತಿತ್ತು. ಅದನ್ನು ಮಂಚದ ಕೊನೆಗೆ ತಂದು, ಮೊಣಕಾಲೂರಿ, ಎರಡೂ ಪಾದಗಳನ್ನು ಒಂದೊಂದಾಗಿ ಎತ್ತಿ ಅದರ ಮೇಲೆ ಇಟ್ಟರು. ಮಗು ಎದ್ದೀತೆಂದು ಹೆದರುವ ಹಾಗೆ ಇಟ್ಟರು. ಟೀಚರ್ ಪ್ರದರ್ಶನಕ್ಕಿಟ್ಟ ಹೊದಿಕೆಯನ್ನು ಎಳೆದು ತಂದು ಹೊದಿಸಿದರು. ಆಮೇಲೆ ಮೂವರೂ ಪಕ್ಕದ ಮಂಚದ ಮೇಲೆ ಸಾಲಾಗಿ ಕೂತರು.

ಮ್ಯಾನೇಜರ್ ಬಂದು ಹುಬ್ಬು ಗಂಟಿಕ್ಕಿದರು. "ಇದೇನಮ್ಮ ಇದು?"

"ಗಿರಾಕಿ ಸರ್. ಮಂಚ ಪರೀಕ್ಷೆ ಮಾಡ್ತಿದ್ದಾರೆ."

"ಎಷ್ಟೊತ್ತು?"

ಮಾವ ತುಟಿಯ ಮೇಲೆ ಬೆರಳಿಟ್ಟರು. ಮ್ಯಾನೇಜರ್ ಆ ಬೆರಳನ್ನು ನೋಡಿ, ನನ್ನನ್ನು ನೋಡಿ, ತುದಿಗಾಲಲ್ಲಿ ನಡೆದುಕೊಂಡು ಹೋದರು.

ಬಿಸಿಲು ಹೋಯಿತು, ಗೆರೆಗಳೂ ಹೋದವು. ದೀಪ ಹಾಕಿದ ಮೇಲೆ ಕೊಕ್ಕರೆಗೆ ಎಚ್ಚರವಾಯಿತು. ಎದುರಿಗೆ ಕೂತ ಮೂವರನ್ನು ಕಂಡು ಧಡಕ್ಕನೆ ಎದ್ದರು, ಸ್ಟೂಲಿನ ಮೇಲಿದ್ದ ತಮ್ಮ ಕಾಲನ್ನು ನೋಡಿದರು.

"ಅದು ಬೀಳಲಿಲ್ಲ," ಎಂದರು. "ನಿಮಗೆ ನೆನಪಿಲ್ವೇನೋ. ರಿಂಗಿಗೆ ತಗಲಿತು."

"ಗೊತ್ತು," ಎಂದರು ಮಾವ.

"ಮತ್ತೆ ಅಲ್ಲಿಗೇ ಯಾಕೆ ನಿಲ್ಲಿಸಿದ್ರಿ? ಆ ಠಣ್ ಕೂಡ ಕೇಳಿಸತ್ತೆ ಅಂತ ಕಾಯ್ತಾ ಮಲಗಿದ್ದೆ. ಎಲ್ಲಿ ನಿದ್ದೆ ಬಂತೋ ಗೊತ್ತಾಗಲಿಲ್ಲ."

ಮಾವ ತಮ್ಮ ಅಂಗೈ ನೋಡಿಕೊಂಡರು. "ನಾವು ಬರ್ತಿದ್ದದ್ದು ನಿಮ್ಮ ಕೈ ನೋಡೋಕೆ. ಚೆಂಡು ನೋಡೋಕಲ್ಲ. ಅವತ್ತು ಮಾತಾಡದೆ ಎದ್ದು ಹೋಗಿದ್ದು ಸಿಟ್ಟಿಗಲ್ಲ. ಅಳು ಬಂದಿತ್ತು. ಇಷ್ಟು ದೊಡ್ಡ ಗಂಟಲು ಇಟ್ಕೊಂಡು ಒಂದು ಶಬ್ದ ಹೊರಡಲಿಲ್ಲ ನನಗೆ," ಎಂದರು.

ಕೊಕ್ಕರೆ ತಲೆ ತಗ್ಗಿಸಿ ಚಪ್ಪಲಿ ಹುಡುಕಿದರು. ಅವರಿಗೆ ಅದು ಸಿಗಲು ಬಹಳ ಹೊತ್ತು ಬೇಕಾಯಿತು. ನಾವು ಯಾರೂ ಅವರ ಮುಖ ನೋಡಲಿಲ್ಲ.

ಮಂಚ ಕೊಳ್ಳಲಿಲ್ಲ. ಆ ಸ್ಟೂಲು ಕೊಂಡರು. ಮಧ್ಯಾಹ್ನವೆಲ್ಲ ಮಂಚದ ಮೇಲೆ ಮಲಗಿ ಕೊನೆಗೆ ಸ್ಟೂಲು ಒಯ್ಯುವ ಗಿರಾಕಿಯನ್ನು ತಾವು ಈವರೆಗೆ ಕಂಡಿಲ್ಲ ಎಂದು ಮ್ಯಾನೇಜರ್ ರಸೀದಿ ಬರೆಯುತ್ತ ಮೂಗು ಮುರಿದರು. ಕಟ್ಟಿಕೊಡುತ್ತೇನೆ ಎಂದರೆ ಬೇಡ ಎಂದು ಕೊಕ್ಕರೆ ಅದನ್ನು ಹಾಗೇ ಕಂಕುಳಲ್ಲಿ ಇರುಕಿಕೊಂಡು ಹೊರಟರು.

ಅವರು ಬಾಗಿಲ ಹತ್ತಿರ ಹೋಗುವಾಗ ಮಾವ ಎದ್ದು ನಿಂತರು. "ಕೊಕ್ಕರೇ," ಎಂದು ಕೂಗಿದರು. ಪಾರಿವಾಳಗಳೆಲ್ಲ ಒಮ್ಮೆಲೇ ಹಾರಿದವು. ಆಮೇಲೆ ಚಪ್ಪಾಳೆ ಶುರು ಮಾಡಿದರು. ಡಾಕ್ಟರು, ಟೀಚರ್ ಎದ್ದು ಸೇರಿಕೊಂಡರು. ಏನಾಗುತ್ತಿದೆ ಎಂದು ತಿಳಿಯದ ಮ್ಯಾನೇಜರ್ ಕೂಡ ರಸೀದಿ ಪುಸ್ತಕ ಕೆಳಗಿಟ್ಟು ತಟ್ಟಿದರು. ನನ್ನ ಕಣ್ಣು ತುಂಬಿ ಬಂದಿತ್ತು, ನಾನೂ ತಟ್ಟಿದೆ.

ಅವರು ತಿರುಗಲಿಲ್ಲ. ಬಾಗಿಲಲ್ಲಿ ನಿಂತು, ಸ್ಟೂಲಿಲ್ಲದ ಕೈಯನ್ನು ಮೇಲೆತ್ತಿದರು. ಆ ಉದ್ದನೆಯ ತೋಳು ಮೆಲ್ಲಗೆ ಮೇಲೆ ಹೋಯಿತು, ಕೊನೆಯಲ್ಲಿ ಚೆಂಡು ಬಿಟ್ಟಂತೆ ಮಣಿಕಟ್ಟು ಮುಂದಕ್ಕೆ ಬಾಗಿ ಹಾಗೇ ನಿಂತಿತು. ಆ ಕೈ ಇಳಿಯುವವರೆಗೆ ನಾವು ಯಾರೂ ಕೂರಲಿಲ್ಲ.